ಪ್ರಶ್ನೆ ತಿದ್ದಿದವರಿಗೆ

ಕಳೆದ ಭಾನುವಾರ ಸಂಜೆ ನಮ್ಮ ಸಮೀಕ್ಷೆಯ ಕೊನೆಯ ಪ್ರಶ್ನೆ ನಮೂನೆಯನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದೆವು. ಬೆಂಗಳೂರಿನಲ್ಲಿ ಬದುಕುವ ನಮ್ಮಂಥ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ನಿಜವಾಗಿ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವ ಕೆಲಸವಿದು. ಆರು ತಿಂಗಳಿಗೆಂದು ಹೊರಟಿದ್ದು ಹದಿನಾರು ತಿಂಗಳು ಹಿಡಿಯಿತು. ತಡ ಮಾಡಿಸಿದವರಿಗೇ ಮೊದಲ ವಂದನೆ. ಅವರು ತಡೆಯದಿದ್ದರೆ ನಾವು ಹೇಳಿದ ದಿನಕ್ಕೆ ಸರಿಯಾಗಿ ಒಂದು ತಪ್ಪು ವರದಿಯನ್ನು ಮುಗಿಸಿಬಿಡುತ್ತಿದ್ದೆವು.

ಮೊದಲ ನಮೂನೆ ಹದಿನಾಲ್ಕು ಪುಟವಿತ್ತು. ಅದನ್ನು ಹಿಡಿದುಕೊಂಡು ಒಂದು ಹಮಾಮಿಗೆ, ಅಂದರೆ ಹಿಜ್ರಾ ಸಮುದಾಯದವರು ಒಟ್ಟಾಗಿ ಬದುಕುವ ಸ್ನಾನದ ಮನೆಗೆ, ಹೋದಾಗ ಅಲ್ಲಿನ ಹಿರಿಯ ಗುರು ಪುಟ ತಿರುವಿ, ಹೆಸರು ಮತ್ತು ವಿಳಾಸದ ಸಾಲಿನ ಮೇಲೆ ಬೆರಳಿಟ್ಟು, "ಈ ಪಟ್ಟಿ ಯಾರ ಕೈಗೆ ಹೋಗುತ್ತದೆ?" ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. 1871ರ ಬ್ರಿಟಿಷ್ ಕಾನೂನು ಹಿಜ್ರಾ ಸಮುದಾಯದವರ ಹೆಸರುಗಳನ್ನು ದಫ್ತರಿನಲ್ಲಿ ಬರೆದಿಟ್ಟಿತ್ತು. 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಅಂಥದೇ ದಫ್ತರಿಗೆ ದಾರಿ ಮಾಡಿತ್ತು. ಆ ಕಲಮಿಗೆ ತಿದ್ದುಪಡಿಯಾದದ್ದು ವರ್ಷಗಳ ಹೋರಾಟದ ಮೇಲೆ. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ವಿಳಾಸ ಕೇಳಲು ಹೊರಟಿದ್ದೆ. ಅಂದು ರಾತ್ರಿಯೇ ಆ ಸಾಲುಗಳನ್ನು ಹೊಡೆದುಹಾಕಿದೆವು, ಹದಿನಾಲ್ಕು ಪುಟ ಐದಕ್ಕೆ ಇಳಿಯಿತು. ಅಮ್ಮಾ, ನಿಮ್ಮ ಆ ಬೆರಳಿಗೆ ನನ್ನ ನಮಸ್ಕಾರ.

ಕನ್ನಡ ನಮೂನೆಯ ಕಥೆಯೇ ಬೇರೆ. ಇಂಗ್ಲಿಷಿನಿಂದ ಎತ್ತಿ ತಂದು ನಾವು 'ಲೈಂಗಿಕ ಅಭಿಮುಖತೆ' ಎಂದು ಬರೆದಿದ್ದೆವು. ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು ಅದನ್ನು ಓದಿ, "ಇದೇನು, ವಾಸ್ತು ಶಾಸ್ತ್ರದ ಪ್ರಶ್ನೆಯೇ? ಪೂರ್ವಾಭಿಮುಖ ಎಂದು ಉತ್ತರ ಬಂದರೆ ಏನು ಮಾಡುತ್ತೀರಿ?" ಎಂದರು. ಆಮೇಲೆ ತಮ್ಮ ಕೈಯಲ್ಲೇ "ನಿಮ್ಮ ಮನಸ್ಸು ಯಾರಿಗೆ ಒಲಿಯುತ್ತದೆ?" ಎಂದು ಬರೆದುಕೊಟ್ಟರು. ಇಡೀ ನಮೂನೆಯಲ್ಲಿ ಎಲ್ಲೂ ಅವನು, ಅವಳು ಬರದಂತೆ ನೋಡಿಕೊಂಡರು. 'ಅವರು ಬಂದರು' ಎಂದರೆ ಮುಗಿಯಿತು, ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಏಳದು, ಜೊತೆಗೆ ಮರ್ಯಾದೆಯೂ ಸಿಗುತ್ತದೆ. ಎಪ್ಪತ್ತು ದಾಟಿದ ಅವರು, ನಾನು ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಂದು ತಿಳಿದ ಮೇಲೆ ಮೌನವಾದದ್ದು ಒಂದೇ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು.

ಪಟ್ಟಿಯೇ ಇಲ್ಲದವರನ್ನು ಹುಡುಕಲು ನಾವು ನೆಚ್ಚಿದ್ದು ಚೀಟಿಯನ್ನು. ಮಾತಾಡಿದ ಪ್ರತಿಯೊಬ್ಬರಿಗೂ ಮೂರು ಚೀಟಿ. ಅವರು ತಮ್ಮಂಥ ಮೂವರಿಗೆ ಕೊಡಬೇಕು. ಕಬ್ಬನ್ ಪಾರ್ಕಿನಲ್ಲಿ ಕೊಟ್ಟ ಚೀಟಿಗಳು ವಾರದಲ್ಲೇ ನಗರ ಸುತ್ತಿ ಬಂದವು. ಆದರೆ ಹೆಂಗಸರು ಬರಲೇ ಇಲ್ಲ. ನಮಗೆ ಪಾರ್ಕೂ ಇಲ್ಲ, ಹಮಾಮೂ ಇಲ್ಲ. ಹಾಸ್ಟೆಲಿನ ಎರಡು ಮಂಚಗಳ ನಡುವಿನ ಜಾಗದಲ್ಲಿ ನಡೆಯುವ ಬದುಕಿಗೆ ಚೀಟಿ ತಲುಪಿಸುವುದು ಹೇಗೆ? ದಾರಿ ತೋರಿಸಿದವರು ಪೀಣ್ಯದ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯ ಒಬ್ಬ ಹೊಲಿಗೆಯವರು. ಭಾನುವಾರ ಮಧ್ಯಾಹ್ನ ಮೂರರಿಂದ ಐದು ಮಾತ್ರ ತಮಗೆ ಬಿಡುವು ಎಂದರು. ಆ ಎರಡು ಗಂಟೆಗಳಲ್ಲೇ ಬಟ್ಟೆ ಒಗೆಯಬೇಕು, ಊರಿಗೆ ಫೋನು ಮಾಡಬೇಕು, ಪ್ರೀತಿಯನ್ನೂ ಮಾಡಬೇಕು. ಅದರಲ್ಲಿ ನಮಗೆ ಕೊಟ್ಟ ನಿಮಿಷಗಳಿಗೆ ಬೆಲೆ ಕಟ್ಟುವುದು ನನ್ನಿಂದಾಗದು.

ಇನ್ನು ಬೈದವರಿಗೆ. "ಕಾಂಡೋಮಿನ ಬಗ್ಗೆ ಇಪ್ಪತ್ತು ವರ್ಷದಿಂದ ಕೇಳುತ್ತಲೇ ಇದ್ದೀರಿ, ಬಾಡಿಗೆ ಮನೆಯ ಬಗ್ಗೆ ಯಾವಾಗ ಕೇಳುತ್ತೀರಿ?" ಎಂದು ಒಬ್ಬರು ರೇಗಿದರು. ಬೇರೆ ಬೇರೆ ಮಾತುಗಳಲ್ಲಿ ಹಲವರು ಅದನ್ನೇ ಹೇಳಿದರು. ಹತ್ತು ತಿಂಗಳ ಮುಂಗಡ ಕೊಟ್ಟು ಮನೆ ಹಿಡಿದು, ಗುಟ್ಟು ತಿಳಿದ ವಾರದಲ್ಲೇ ಖಾಲಿ ಮಾಡಿ ಮುಂಗಡ ಕಳೆದುಕೊಂಡವರ ಪ್ರಶ್ನೆಯದು. ಹೆಣ್ಣೆಂದು ಹೆಸರಿಟ್ಟು ಬೆಳೆಸಿದರೂ ಗಂಡಾಗಿ ಬದುಕುವ ಟ್ರಾನ್ಸ್ ಗಂಡಸರ ಸಂಕಟ ಇನ್ನೊಂದು: 2021ರಿಂದ ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ಇದೆ, ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರಿದೆ. ಬಹಳ ವರ್ಷಗಳಿಂದ ಜೊತೆಗಿರುವ ಇಬ್ಬರು ಹಿರಿಯರು ಕೇಳಿದ್ದು ಒಂದೇ ಮಾತು: "ಆಸ್ಪತ್ರೆಯಲ್ಲಿ ಯಾರು ಸಹಿ ಹಾಕಬೇಕು?" 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕನ್ನು ಕೊಡಲಿಲ್ಲವಲ್ಲ, ಅಂದು ಕುಸಿದದ್ದು ಮಂಟಪದ ಕನಸಷ್ಟೇ ಅಲ್ಲ ಎಂಬುದು ಇವರ ಮನೆಯ ಜಗಲಿಯಲ್ಲಿ ಕುಳಿತಾಗ ನನಗೆ ಅರ್ಥವಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಇಲಾಖೆ, ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ನಮಗೆ ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತ್ತು. ಅದು ಅವರಿಗೆ ತಿಳಿದಿರಲಿಲ್ಲ. ಅಲ್ಲಿಂದಾಚೆಗೆ ನಾವು ನಮೂನೆಯ ಜೊತೆಗೆ ಆ ಪ್ರಕಟಣೆಯ ಪ್ರತಿಯನ್ನೂ ಚೀಲದಲ್ಲಿಟ್ಟುಕೊಂಡು ಹೋದೆವು. ಕೇಳಲು ಹೋದವರು ಕೊಟ್ಟೂ ಬರಬೇಕಲ್ಲ.

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ನಮ್ಮಂಥವರ ಬಗ್ಗೆ 2001 ಮತ್ತು 2003ರಲ್ಲಿ ಹೊರತಂದ ವರದಿಗಳನ್ನು ಬರೆದವರಿಗೂ ಋಣಿ. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಸೆಕ್ಷನ್ 377ರ ಕತ್ತಿ ನೆತ್ತಿಯ ಮೇಲೆ ತೂಗುತ್ತಿದ್ದ ಕಾಲದಲ್ಲಿ ಬಾಯಿಬಿಟ್ಟು ಹೇಳಿದವರು, ಕೂತು ಬರೆದವರು ಅವರು. ನಮ್ಮದು ಹೋಲಿಕೆಗೆ ನೆರಳಿನ ಕೆಲಸ.

ಆಟೋ ಬಾಡಿಗೆ ಬೇಡವೆಂದವರು, ಕೋಣೆ ಬಿಟ್ಟುಕೊಟ್ಟವರು, ಅರ್ಧಕ್ಕೆ ಎದ್ದುಹೋಗಿ ಮರುವಾರ ತಾವಾಗಿಯೇ ಬಂದವರು, ನಿಮ್ಮಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಅಂಕಿಗಳೆಲ್ಲಿ ಎಂದು ಕೇಳುವ ಪತ್ರಕರ್ತ ಮಿತ್ರರು ಸ್ವಲ್ಪ ಕಾಯಬೇಕು. ವರದಿಯನ್ನು ಮೊದಲು ಕೇಳುವವರು ಉತ್ತರ ಕೊಟ್ಟವರು. ಮೇಷ್ಟ್ರು ಸದ್ಯ ಕರಡಿನ ತುಂಬ ಕೆಂಪು ಶಾಯಿ ಹರಿಸುತ್ತಿದ್ದಾರೆ. ಅವರು ಬಿಟ್ಟುಕೊಟ್ಟ ಕೂಡಲೇ ಅದೇ ಹಮಾಮಿನ ಅಂಗಳದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತೇವೆ. ಚಹಾ ನಮ್ಮದು, ಬನ್ನು ತಮ್ಮದು ಎಂದು ಆ ಗುರು ಈಗಾಗಲೇ ಹೇಳಿ ಕಳಿಸಿದ್ದಾರೆ.