ಹೊಸಬರಿಗೆ ಬಳ್ಳಿ ಡಿಸೈನ್ ಕೊಡ್ರಿ, ಚೌಕ ಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ಐತವಾರ ನಿಮ್ಮ ಪುರವಣಿಯೊಳಗ ಮಷಿನ್ ಕ್ವಿಲ್ಟಿಂಗ್, ಅಂದ್ರ ಮಷಿನ್ ಮ್ಯಾಲ ಕೌದಿ ಹೊಲಿಯೋದು, ಮಾಡೋರಿಗೆ ಅಂತ ಒಂದು ಪ್ಯಾಂಟೋಗ್ರಾಫ್ ಡಿಸೈನ್ ಹಾಕಿದ್ರಿ, ಮ್ಯಾಲ "ಹೊಸಬರಿಗೆ ಸುಲಭ" ಅಂತ ಹೆಡ್ಡಿಂಗ್ ಬ್ಯಾರೆ. ಚೌಕದೊಳಗ ಚೌಕ, ಅದರೊಳಗ ಇನ್ನೊಂದು ಚೌಕ. ಖರೇ ಹೇಳ್ಬೇಕಂದ್ರ ಹೊಸಬರಿಗೆ ಇದರಷ್ಟು ತ್ರಾಸ್ ಕೊಡೋದು ಮತ್ತೊಂದಿಲ್ಲ. ನಾ ಬೀದರದಾಗ ಉಸ್ಮಾನ್‌ಗಂಜ್ ಕಡಿ ಸಣ್ಣ ಟೇಲರಿಂಗ್ ಅಂಗಡಿ ನಡಸ್ತೀನಿ, ಬ್ಲೌಸು, ಫಾಲು, ಪಿಕೋ ಅಂತ ಇದ್ದಾಕಿ ಹೋದ ವರ್ಷದಿಂದ ಈ ಹುಚ್ಚಿಗೆ ಬಿದ್ದೀನಿ, ಅದಕ್ಕ ಬರೀಲಿಕತ್ತೀನಿ.

ಪ್ಯಾಂಟೋಗ್ರಾಫ್ ಅಂದ್ರ ಏನಂತ ನೀವು ಎಲ್ಲೂ ಹೇಳೇ ಇಲ್ಲ. ನಮ್ಮ ಯಜಮಾನ್ರು ಪೇಪರ್ ನೋಡಿ "ಅದು ರೈಲ್ ಇಂಜಿನ್ ಮ್ಯಾಲ ಕರೆಂಟ್ ವೈರಿಗೆ ಹತ್ತಿರ್ತದಲ್ಲ, ಅದಕ್ಕೂ ಕೌದಿಗೂ ಏನ್ ಸಂಬಂಧ" ಅಂದ್ರು! ಇದು ಉದ್ದನ ಕಾಗದದ ಸುರುಳಿ ಮ್ಯಾಲಿನ ಗೆರಿ ಚಿತ್ರ ರೀ. ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ ಎಲ್ಲೂ ಕಡೀದೆ ಹೋಗ್ತದ, ನಮ್ಮವ್ವ ಕೈ ಎತ್ತದೆ ಹಾಕ್ತಿದ್ದ ಎಳಿ ರಂಗೋಲಿ ಇದ್ದಂಗ. ಲಾಂಗ್‌ಆರ್ಮ್ ಮಷಿನ್, ಅಂದ್ರ ಕೌದಿ ಹೊಲಿಯೋ ಉದ್ದ ತೋಳಿನ ದೊಡ್ಡ ಮಷಿನ್, ಇದ್ರ ಬಟ್ಟಿ ಫ್ರೇಮಿಗೆ ಬಿಗಿದು, ನಾವು ಮಷಿನ್ ಹಿಂದ ನಿಂತು, ಆ ಗೆರಿ ಮ್ಯಾಲ ಮಷಿನ್ನಿನ ಲೇಸರ್ ಬೆಳಕಿನ ಚುಕ್ಕಿ ನಡಿಸ್ಕೋತ ಹೋಗೋದು, ಆ ಕಡಿ ಸೂಜಿ ಅದೇ ಗೆರಿ ಬಟ್ಟಿ ಮ್ಯಾಲ ಹೊಲೀತದ. ಒಂದು ಸಾಲು ಮುಗೀತಂದ್ರ ಬಟ್ಟಿ ಸುತ್ತಿ ಮುಂದಿನ ಸಾಲು. ಅಂದ್ರ ಹೊಲಿಯೋವಾಗ ಕಣ್ಣು ಕಾಗದದ ಮ್ಯಾಲ, ಬಟ್ಟಿ ಮ್ಯಾಲ ಅಲ್ಲ.

ಇದರ ಮಜಾ ನನಗ ಹೈದರಾಬಾದಿನಾಗ ಗೊತ್ತಾಯ್ತು. ಅಲ್ಲಿ ನಮ್ಮ ಮಾವಶಿ ಮಗಳ ಹತ್ರ ಲಾಂಗ್‌ಆರ್ಮ್ ಅದ, ಹೋದ ಕೂಡ್ಲೇ ನಾನೂ ನಿಮ್ಮಂಗ ಚೌಕದ್ದೇ ಆರಿಸ್ದೆ, ನೇರ ಗೆರಿ ಅಲ್ಲ, ಏನ್ ಮಹಾ ಅಂತ. ಕೈ ಒಂದು ಕೂದಲಷ್ಟು ನಡುಗಿದ್ರೂ ನೇರ ಗೆರಿಯೊಳಗ ಎದ್ದು ಕಾಣ್ತದ, ಮೂಲಿ ಬಂದಲ್ಲಿ ಚುಕ್ಕಿ ಮುಂದ ಜಾರ್ತದ, ಎರಡನೇ ಸಾಲಿನ ಚೌಕ ಮೊದಲ್ನೇದಕ್ಕ ತಾಗಲೇ ಇಲ್ಲ, ನಡುವ ಓಣಿ ಬಿಟ್ಟಂಗ ಖಾಲಿ. ಅದರ ಮ್ಯಾಲ ಮತ್ತ ಮೂರನೇ ಸಾಲಿನಾಗ ಕೆಳಗಿನ ಬಾಬಿನ್ ದಾರ ಮುಗದಿತ್ತು, ಕಣ್ಣು ಕಾಗದದಾಗ ಇದ್ದದ್ದಕ್ಕ ಗೊತ್ತೇ ಆಗ್ಲಿಲ್ಲ, ಸಾಲು ಪೂರಾ ಮುಗಿಸಿ ಮುಂದ ಬಂದು ನೋಡಿದ್ರ ಬಟ್ಟಿ ಮ್ಯಾಲ ಬರೇ ತೂತು. ಅಕಿ ನಕ್ಕಳು ನಕ್ಕಳು, ಆಮ್ಯಾಲ ಮಷಿನ್ ಬಂದ್ ಇಟ್ಟು ಬರೇ ಚುಕ್ಕಿ ನಡಿಸ್ಲಿಕ್ಕ ಹಚ್ಚಿದಳು, ನಾಕು ಸಲ. ನೋಟ ಚುಕ್ಕಿ ಮ್ಯಾಲ ಇಡಬ್ಯಾಡ, ಅದಕ್ಕಿಂತ ಜರಾ ಮುಂದ ಗೆರಿ ಮ್ಯಾಲ ಇಡು ಅಂದಳು, ಅಷ್ಟಕ್ಕೇ ಕೈ ಅರ್ಧ ಸೀದಾ ಆಯ್ತು. ಮರುದಿನ ಬಳ್ಳಿ ಡಿಸೈನ್ ಹಾಕಿದ್ವಿ, ಬಟ್ಟಿ ಬಣ್ಣದ್ದೇ ದಾರ. ಬಳ್ಳಿಯೊಳಗ ಒಂದು ಎಲಿ ದಪ್ಪ ಒಂದು ಎಲಿ ಸಣ್ಣ ಆದ್ರ ಯಾರ್ ಕೇಳ್ತಾರ? ಗಿಡದಾಗೂ ಹಂಗೇ ಇರ್ತಾವಲ್ಲ.

ಇನ್ನೊಂದು ಮಾತು, ನಿಮ್ಮ ಓದುಗರೊಳಗ ಲಾಂಗ್‌ಆರ್ಮ್ ಇದ್ದೋರು ಎಷ್ಟು ಮಂದಿ ಇರ್ಬೇಕು, ಮನ್ಯಾಗ ಇರೋದು ಸಾದಾ ಮಷಿನ್. ಅದರ ಮ್ಯಾಲೂ ಆಗ್ತದ. ಬಟರ್ ಪೇಪರಿನ ಮ್ಯಾಲ ಡಿಸೈನ್ ಇಳಿಸಿ, ಸೂಜಿಲೆ ಗೆರಿಗುಂಟ ಚುಚ್ಚಿ, ಚಾಕ್ ಪುಡಿ ತಿಕ್ಕಿದ್ರ ಬಟ್ಟಿ ಮ್ಯಾಲ ಚುಕ್ಕಿ ಬೀಳ್ತಾವ, ವರ್ಕ್ ಬ್ಲೌಸಿಗೆ ಟ್ರೇಸಿಂಗ್ ಹಾಕೋರಿಗೆ ಇದೇನು ಹೊಸಾದಲ್ಲ. ಪುಡಿ ಲಗೂನ ಉದುರ್ತದ, ಅದಕ್ಕ ಒಂದೊಂದೇ ಸಾಲು ಹಾಕ್ಕೋಬೇಕು. ಇಲ್ಲಂದ್ರ ಕಾಗದ ಪಿನ್ ಮಾಡಿ ಅದರ ಮ್ಯಾಲೇ ಹೊಲದು ಆಮ್ಯಾಲ ಹರೀರಿ, ಆದ್ರ ಟಾಕಿ ನಡುವ ಕಾಗದದ ಚೂರು ಸಿಕ್ಕೊಂಡು ತಾಸುಗಟ್ಲೆ ಚಿಮುಟಿ ಹಿಡ್ಕೊಂಡು ಕೂಡೋದಾಗ್ತದ, ನನಗ ಪುಡೀನೇ ಛಲೋ. ಬಟ್ಟಿ ಮುಂದ ತಳ್ಳೋ ಕೆಳಗಿನ ಹಲ್ಲು ಇಳಿಸಿ, ಕ್ವಿಲ್ಟಿಂಗ್ ಪಾದ ಹಚ್ಚಿ, ಎರಡೂ ಕೈಲೆ ಬಟ್ಟಿ ತಿರುಗಿಸ್ಕೋತ ಹೋಗೋದು. ಇಡೀ ಡಬಲ್ ಕೌದಿಗೆ ಕೈ ಹಾಕಬ್ಯಾಡ್ರಿ, ಮಷಿನ್ ತೋಳಿನ ಕೆಳಗ ಅಷ್ಟು ಬಟ್ಟಿ ಹಿಡಿಯಂಗಿಲ್ಲ, ಕೂಸಿನ ಕೌದಿ ಸಾಕು.

ಡಿಸೈನಿಗೆ ನೀವು ದೂರ ಎಲ್ಲೂ ಹುಡುಕೋದು ಬ್ಯಾಡ. ಚೌಬಾರಾ ಕಡಿ ಬಿದರಿ ಅಂಗಡಿಯೊಳಗ ಹೋಗಿ ಹೂದಾನಿ ನೋಡ್ರಿ, ಕರಿ ಮೈ ಮ್ಯಾಲ ಬೆಳ್ಳಿ ಬಳ್ಳಿ ಸುತ್ತ ಹೆಂಗ ಹೋಗ್ಯದ ಅಂತ, ಅಂಥದ್ದನ್ನ ಒಂದೇ ಎಳಿ ಆಗೋ ಹಂಗ ನಿಮ್ಮ ಕಲಾವಿದ್ರು ಬರದುಕೊಡ್ಲಿ. ಅಂಗೈಯಷ್ಟು ಬ್ಯಾಡ, ಪುಟದ ಅಗಲ ಪೂರಾ ಹಾಕ್ರಿ, ಎರಡನೇ ಸಾಲು ಎಲ್ಲಿ ಬಂದು ಕೂಡ್ತದ ಅನ್ನೋದೂ ತೋರಿಸ್ರಿ. ನನ್ನ ಹತ್ರ ಕಲೀಲಿಕ್ಕ ಬರೋ ಹುಡುಗಿ ನಿಮ್ಮ ಚೌಕ ನೋಡಿ ಆಗ್ಲೇ ಬಟ್ಟಿ ತಂದಿಟ್ಟಾಳ, ಬರೋ ಐತವಾರದ ತನಕ ಕತ್ತರಿ ಮುಟ್ಟಬ್ಯಾಡ ಅಂತ ಹೇಳೀನಿ.

ಇಂತಿ ನಿಮ್ಮ ಓದುಗಳು,
ಬೀದರ್