ಭಾನುವಾರದ ಚರ್ಚೆ: ಪೀಟರ್ ಬ್ರಾಕ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಫಾರ್ಮುಲಾ ಒನ್‌ಗೆ ರಜೆ. ಆಸ್ಟ್ರೇಲಿಯಾದ ಟೂರಿಂಗ್ ಕಾರ್ (ಮಾಮೂಲಿ ರಸ್ತೆ ಕಾರನ್ನೇ ರೇಸಿಗೆ ಸಜ್ಜುಗೊಳಿಸಿದ್ದು) ರೇಸಿಂಗ್ ದೊರೆ ಪೀಟರ್ ಬ್ರಾಕ್ ಬಗ್ಗೆ ಮಾತಾಡೋಣ. ಹೊಸಬರಿಗಾಗಿ ಒಂದಿಷ್ಟು ವಿವರ:

ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ಟ್ರ್ಯಾಕ್ ನಿಜವಾಗಿ ಬೆಟ್ಟ ಹತ್ತಿಳಿಯುವ ಸಾರ್ವಜನಿಕ ರಸ್ತೆ, ಒಂದು ಸುತ್ತು (ಲ್ಯಾಪ್) 6.2 ಕಿ.ಮೀ. ಅಲ್ಲಿನ ದೊಡ್ಡ ರೇಸನ್ನು ಬ್ರಾಕ್ 9 ಸಲ ಗೆದ್ದರು. ಮೊದಲನೆಯದು 1972ರಲ್ಲಿ, ಮಳೆಯಲ್ಲಿ, ಜೊತೆ ಚಾಲಕನಿಲ್ಲದೆ 500 ಮೈಲಿ ಒಬ್ಬರೇ ಓಡಿಸಿ.

1979ರದ್ದಂತೂ ಕೇಳಲೇಬೇಡಿ. ಜೊತೆ ಚಾಲಕ ಜಿಮ್ ರಿಚರ್ಡ್ಸ್ ಅವರೊಂದಿಗೆ ಉಳಿದವರಿಗಿಂತ 6 ಲ್ಯಾಪ್ ಮುಂದಿದ್ದರು. ಬೇರೆಯವರಾಗಿದ್ದರೆ ಕಾರು ಕಾಪಾಡಿಕೊಂಡು ನಿಧಾನಕ್ಕೆ ಮನೆ ಸೇರುತ್ತಿದ್ದರು. ಈ ಪುಣ್ಯಾತ್ಮ ಕೊನೆಯ ಲ್ಯಾಪ್‌ನಲ್ಲೇ ಲ್ಯಾಪ್ ರೆಕಾರ್ಡ್ ಮುರಿದರು! ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಗೆಲುವು ಅದೇ.

1987ರ ಗೆಲುವು ಮಾತ್ರ ವಾದಕ್ಕೆ ಬಿಟ್ಟದ್ದು. ಮುಂದಿದ್ದ ಎರಡು ಫೋರ್ಡ್ ಸಿಯೆರಾ ಕಾರುಗಳು ಅನರ್ಹಗೊಂಡು ಮೂರನೆಯವರಾಗಿದ್ದ ಬ್ರಾಕ್‌ಗೆ ಪಟ್ಟ ಸಿಕ್ಕಿತು. ಅದೇ ವರ್ಷ ‘ಎನರ್ಜಿ ಪೋಲರೈಸರ್’ ಎಂಬ ಪೆಟ್ಟಿಗೆಯ ಜಗಳದಲ್ಲಿ ಆಸ್ಟ್ರೇಲಿಯಾದ ಕಾರು ಕಂಪನಿ ಹೋಲ್ಡನ್ ಬ್ರಾಕ್ ಜೊತೆಗಿನ ಸಂಬಂಧ ಕಡಿದುಕೊಂಡಿತ್ತು. ಆಯಸ್ಕಾಂತ, ಹರಳು ತುಂಬಿದ ಪೆಟ್ಟಿಗೆಯಿಂದ ಕಾರು ಚೆನ್ನಾಗಿ ಓಡುತ್ತದೆಂದು ಬ್ರಾಕ್ ನಂಬಿದ್ದರು. ಇದರ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಿ, ಆದರೆ ಮರ್ಯಾದೆಯಿಂದ.

ಬ್ರಾಕ್ ಕಾರಿನ ಮೇಲಿದ್ದ 05 ಅದೃಷ್ಟಸಂಖ್ಯೆಯಲ್ಲ. ಕುಡಿದು ಓಡಿಸುವುದರ ವಿರುದ್ಧದ ಪ್ರಚಾರ, ರಕ್ತದಲ್ಲಿ ಮದ್ಯದ 0.05 ಮಿತಿ. ಸೆಪ್ಟೆಂಬರ್ 2006ರಲ್ಲಿ ಕಾರ್ ರ‍್ಯಾಲಿಯೊಂದರಲ್ಲಿ ಅಪಘಾತವಾಗಿ ಅವರು ತೀರಿಕೊಂಡರು. ಆ ಅಪಘಾತದ ಫೋಟೊ, ವಿಡಿಯೊ ಇಲ್ಲಿ ಹಾಕಬೇಡಿ. ಹಳೆಯ ರೇಸ್ ತುಣುಕುಗಳಿದ್ದರೆ ಶನಿವಾರ ರಾತ್ರಿಯೊಳಗೆ ಲಿಂಕ್ ಕಳಿಸಿ.