ಹಳೆ ಕಾರುಗಳ ಗತಿ ಏನು?

ಸಂಪಾದಕರೇ,

ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ (ಕಬ್ಬು, ಧಾನ್ಯಗಳಿಂದ ತಯಾರಿಸುವ ಆಲ್ಕೋಹಾಲ್) ಬೆರೆಸುವುದಕ್ಕೆ ನನ್ನ ವಿರೋಧವಿಲ್ಲ. ಅರಬ್ ದೇಶಕ್ಕೆ ಹೋಗುವ ದುಡ್ಡು ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಸಿಕ್ಕರೆ ಒಳ್ಳೆಯದೇ ಅಲ್ವಾ? (ಕಾರ್ಖಾನೆಗಳು ಬಾಕಿ ಉಳಿಸಿಕೊಳ್ಳದೆ ಕೊಟ್ಟರೆ!) ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ, ಹಾಗಾಗಿ ಮೈಲೇಜ್ ಸ್ವಲ್ಪವಾದರೂ ಇಳಿಯುತ್ತದೆ, ಬಂಕಿನಲ್ಲಿ ದರ ಮಾತ್ರ ಅದಕ್ಕೆ ತಕ್ಕಂತೆ ಇಳಿದಿಲ್ಲ.

2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಕಾರುಗಳ ಬಿಡಿಭಾಗಗಳು ಇದಕ್ಕೆ ಒಗ್ಗುವಂಥವು. ಅದಕ್ಕೂ ಹಿಂದಿನವು? ಎಥೆನಾಲ್ ನೀರು ಹೀರುತ್ತದೆ, ಹಳೆ ರಬ್ಬರನ್ನು ಹಾಳು ಮಾಡಬಲ್ಲದು. ನಮ್ಮ ಮೆಕ್ಯಾನಿಕ್ ಒಂದು ಹಳೆ ಕಾರಿನ ಪೆಟ್ರೋಲ್ ಪೈಪ್ ಬಗ್ಗಿಸಿ ತೋರಿಸಿದರು, ಚಕ್ಕೆ ಚಕ್ಕೆಯಾಗಿ ಉದುರಿತು. ಎಥೆನಾಲೇ ಕಾರಣ ಅಂತ ಹೇಳಲಾರೆ, ಅದಕ್ಕೆ ವಯಸ್ಸೂ ಆಗಿತ್ತು.

ಬ್ರೆಜಿಲ್‌ನ ಬಂಕ್‌ಗಳಲ್ಲಿ ಎಥೆನಾಲ್ ಬೇರೆ, ಮಿಶ್ರ ಪೆಟ್ರೋಲ್ ಬೇರೆ ಸಿಗುತ್ತದೆ. ದರ ನೋಡಿ ಜನ ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಹಳೆ ಗಾಡಿಗಳಿಗೆ ಶೇ 10ರ ಮಿಶ್ರಣ ಮಾಮೂಲಿ ದರದಲ್ಲೇ ಸಿಗಲಿ. ಎಷ್ಟು ಬೆರೆಸಿದ್ದಾರೆ ಅಂತ ಪಂಪಿನ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಯಲಿ.

– ಓದುಗ, ಮೈಸೂರು